ಶಿಬಿರದ ನೋಂದಣಿ ಫಾರಂನಲ್ಲಿ 32 ಕಾಲಂ: ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು?

ಕಾಲುದಾರಿ · ಸೋಮವಾರ, ರಾತ್ರಿ 10.40

ನಾನು ಒಂದು ಸಣ್ಣ ಪರಿಹಾರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮದು 300 ಗುಡಾರಗಳ ಶಿಬಿರ. ಮನೆಮಠ ಕಳೆದುಕೊಂಡು ಬಂದವರ ಹೆಸರು ಬರೆದುಕೊಳ್ಳುವುದು, ಅವರಿಗೆ ಹೊದಿಕೆ, ಪಾತ್ರೆ, ನಗದು ತಲುಪಿಸುವುದು ನಮ್ಮ ಕೆಲಸ. ಹಣ ಕೊಡುವ ಸಂಸ್ಥೆ ಈ ಸಲ ಹೊಸ ನೋಂದಣಿ ಫಾರಂ ಕಳುಹಿಸಿದೆ. ಎಣಿಸಿ ನೋಡಿದೆ, 32 ಕಾಲಂಗಳಿವೆ. ಹೆಸರು, ವಯಸ್ಸು, ಕುಟುಂಬದಲ್ಲಿ ಎಷ್ಟು ಜನ ಎಂಬುವು ಸರಿ. ಅಲ್ಲಿಂದ ಮುಂದೆ ಧರ್ಮ, ಜನಾಂಗ, ಮಾತೃಭಾಷೆ, ಗಂಡ ಎಲ್ಲಿದ್ದಾನೆ, ಯಾವ ಕಾಯಿಲೆ ಇದೆ, ಗರ್ಭಿಣಿಯೇ, ಫೋನ್ ಸಂಖ್ಯೆ, ಗುಡಾರದ ಜಿಪಿಎಸ್ ಗುರುತು, ಭಾವಚಿತ್ರ, ಕೊನೆಗೆ ಹತ್ತೂ ಬೆರಳುಗಳ ಅಚ್ಚು.

ಕಳೆದ ವಾರ ಇದನ್ನು ಒಂದು ದಿನದ ಮಟ್ಟಿಗೆ ಪರೀಕ್ಷಿಸಿದೆವು. ಒಬ್ಬ ಅಜ್ಜಿ ಬಂದರು. ದುಡಿದು ದುಡಿದು ಸವೆದು ನುಣುಪಾದ ಹೆಬ್ಬೆರಳು. ಯಂತ್ರದ ಗಾಜಿನ ಮೇಲೆ ಇಟ್ಟರು, ಕೆಂಪು ದೀಪ ಹತ್ತಿತು. ಬಟ್ಟೆಯ ಅಂಚಿಗೆ ಒರೆಸಿ ಮತ್ತೆ ಇಟ್ಟರು, ಮತ್ತೆ ಕೆಂಪು. ನಾಲ್ಕನೆಯ ಸಲಕ್ಕೆ ಅವರ ಕೈ ನಡುಗುತ್ತಿತ್ತು. "ನನ್ನ ಬೆರಳು ಕೆಟ್ಟಿದೆಯೇನಮ್ಮಾ? ಹಾಗಾದರೆ ನನಗೆ ಏನೂ ಸಿಗುವುದಿಲ್ಲವೇ?" ಎಂದು ಕೇಳಿದರು. ಆಮೇಲೆ ಒಪ್ಪಿಗೆ ಪತ್ರ ಮುಂದಿಟ್ಟೆ. ಅವರಿಗೆ ಓದಲು ಬಾರದು. "ನೀನು ಎಲ್ಲಿ ತೋರಿಸುತ್ತೀಯೋ ಅಲ್ಲಿ ಒತ್ತುತ್ತೇನೆ" ಎಂದರು. ಆ ಬೆರಳು ಒಪ್ಪಿಕೊಂಡಿತು ಎಂದು ನಾನೇ ಬರೆದುಕೊಂಡೆ.

ಅಂದು ಸಂಜೆ ನಮ್ಮ ಸಹೋದ್ಯೋಗಿಯೊಬ್ಬರು ದಿನದ ಎಕ್ಸೆಲ್ ಶೀಟನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಗುಂಪಿನಲ್ಲಿ 64 ಜನ. ಅರ್ಧದಷ್ಟು ಜನ ಯಾರೆಂದು ನನಗೆ ಗೊತ್ತಿಲ್ಲ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಕೆಲಸ ಬೇಗ ಆಗಲಿ ಎಂಬುದಷ್ಟೇ ಇತ್ತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಗುರುವಾರ ಈ ಫಾರಂ ಬಗ್ಗೆ ಸಭೆ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ: ಏನನ್ನು ಕೇಳಬೇಕು, ಏನನ್ನು ಕೇಳಬಾರದು, ಕೇಳಿದ್ದನ್ನು ಯಾರ ಕೈಗೆ ಕೊಡಬಹುದು?

ಹಳೆಯಶಿಬಿರ · ಸೋಮವಾರ, ರಾತ್ರಿ 11.25

ಕಾಲುದಾರಿಯವರೇ, ಬೆರಳಚ್ಚಿನ ಕಾಲಂ ಬಗ್ಗೆ ನಿರ್ಧರಿಸುವ ಮೊದಲು ಕೀನ್ಯಾದಲ್ಲಿ ಆದದ್ದನ್ನು ಒಮ್ಮೆ ಕೇಳಿ. ಸೊಮಾಲಿಯಾದ ಯುದ್ಧದಿಂದ ಓಡಿ ಬಂದವರಿಗಾಗಿ 1991ರಲ್ಲಿ ದಾದಾಬ್‌ನಲ್ಲಿ ನಿರಾಶ್ರಿತರ ಶಿಬಿರಗಳು ಶುರುವಾದವು. ಸುತ್ತಲಿನ ಊರುಗಳ ಜನ ಕೀನ್ಯಾದ ಪ್ರಜೆಗಳೇ, ಆದರೆ ಸೊಮಾಲಿ ಮೂಲದವರು. ಬರ ಬಂದಾಗ ಅವರ ದನಕರುಗಳು ಸತ್ತವು. ಶಿಬಿರದೊಳಗೆ ಊಟ ಸಿಗುತ್ತಿತ್ತು, ಔಷಧ ಸಿಗುತ್ತಿತ್ತು, ಶಾಲೆ ಇತ್ತು. ಹಸಿದ ಮನೆಗಳವರು ಅಲ್ಲಿಗೆ ಹೋಗಿ ನಿರಾಶ್ರಿತರೆಂದು ಹೆಸರು ಬರೆಸಿದರು. ಮಕ್ಕಳ ಬೆರಳಚ್ಚುಗಳೂ ದಾಖಲೆಗೆ ಸೇರಿದವು.

ಆ ಮಕ್ಕಳು ಬೆಳೆದರು. 18 ತುಂಬಿದಾಗ ರಾಷ್ಟ್ರೀಯ ಗುರುತಿನ ಚೀಟಿಗೆ ಅರ್ಜಿ ಹಾಕಿದರು. ಯಂತ್ರದ ಮೇಲೆ ಬೆರಳಿಟ್ಟರೆ ಉತ್ತರ ಬಂತು: ನೀನು ನಿರಾಶ್ರಿತ, ಈ ದೇಶದವನಲ್ಲ. ಗುರುತಿನ ಚೀಟಿ ಇಲ್ಲದೆ ಅಲ್ಲಿ ಕೆಲಸಕ್ಕೆ ಸೇರುವುದು, ಬ್ಯಾಂಕ್ ಖಾತೆ ತೆರೆಯುವುದು, ಸಿಮ್ ಕೊಳ್ಳುವುದು ಯಾವುದೂ ಸುಲಭವಿಲ್ಲ. ಹೀಗೆ ಎರಡು ನೋಂದಣಿಗಳ ನಡುವೆ ಸಿಕ್ಕಿಹಾಕಿಕೊಂಡವರು ಸುಮಾರು 40,000 ಮಂದಿ ಎಂಬ ಅಂದಾಜಿದೆ.

ಬರ ಮುಗಿಯಿತು, ಮಳೆ ಬಂತು, ಮನೆಯವರು ಊರಿಗೆ ಮರಳಿದರು. ಅಚ್ಚು ಮಾತ್ರ ಅಲ್ಲೇ ಉಳಿಯಿತು. ಹೆಸರು ತಪ್ಪಾದರೆ ತಿದ್ದಬಹುದು, ಫೋನ್ ಸಂಖ್ಯೆ ಬದಲಿಸಬಹುದು. ಬೆರಳನ್ನು ಬದಲಿಸಲು ಆಗದು. ಅಂದು ಸಾಲಿನಲ್ಲಿ ನಿಂತ ತಾಯಿಗೆ "ಈ ಒಂದು ಅಚ್ಚಿನಿಂದ ನಿನ್ನ ಮಗ ಇಪ್ಪತ್ತು ವರ್ಷಗಳ ನಂತರ ಪೌರತ್ವಕ್ಕಾಗಿ ಅಲೆಯಬೇಕಾಗುತ್ತದೆ" ಎಂದು ಹೇಳಿದವರು ಯಾರೂ ಇರಲಿಲ್ಲ. ಹೇಳಬೇಕಾಗಿದ್ದವರಿಗೇ ಅದು ತಿಳಿದಿರಲಿಲ್ಲ.

ಲೆಕ್ಕದಪುಸ್ತಕ · ಮಂಗಳವಾರ, ಬೆಳಿಗ್ಗೆ 7.10

ನಾನು ಪರಿಹಾರ ಯೋಜನೆಗಳ ಲೆಕ್ಕ ನೋಡುವವನು. ಇಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಇನ್ನೊಂದು ಬದಿಯನ್ನು ನಾನು ಹೇಳಲೇಬೇಕು.

ಸರಿಯಾದ ಪಟ್ಟಿ ಇಲ್ಲದ ಕಡೆ ಬಲಿಷ್ಠರು ದೋಚುತ್ತಾರೆ. ಒಬ್ಬನೇ ಐದು ಹೆಸರಿನಲ್ಲಿ ಬರುತ್ತಾನೆ. ಸತ್ತವರ ಪಾಲು, ಊರು ಬಿಟ್ಟು ಹೋದವರ ಪಾಲು ಮಧ್ಯವರ್ತಿಯ ಮನೆ ಸೇರುತ್ತದೆ. ಸಾಲಿನ ಕೊನೆಯಲ್ಲಿ ನಿಂತ ವಿಧವೆಗೆ "ಮುಗಿಯಿತು, ನಾಳೆ ಬಾ" ಎನ್ನುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯೆಮೆನ್ ನೋಡಿ. ಹೌತಿ ಎಂಬ ಬಂಡುಕೋರರ ಹಿಡಿತದಲ್ಲಿದ್ದ ಪ್ರದೇಶದಲ್ಲಿ ಆಹಾರ ಬೇರೆಯವರ ಪಾಲಾಗುತ್ತಿದೆ ಎಂದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ 2018ರ ಕೊನೆಯಲ್ಲಿ ಬಹಿರಂಗವಾಗಿಯೇ ಹೇಳಿತು. ಬಯೋಮೆಟ್ರಿಕ್ ನೋಂದಣಿ ಬೇಕು ಎಂದು ಪಟ್ಟು ಹಿಡಿಯಿತು. ಒಪ್ಪಂದ ಮುರಿದುಬಿದ್ದು, 2019ರ ಜೂನ್ ತಿಂಗಳಲ್ಲಿ ಸನಾ ನಗರದಲ್ಲಿ ಸುಮಾರು 8,50,000 ಜನರಿಗೆ ಹೋಗುತ್ತಿದ್ದ ಆಹಾರವನ್ನು ನಿಲ್ಲಿಸಿತು. ಎರಡು ತಿಂಗಳ ನಂತರ ಮಾತುಕತೆ ಕುದುರಿತು. ಹಣ ಕೊಟ್ಟವರು ಲೆಕ್ಕ ಕೇಳುತ್ತಾರೆ, ಕೇಳುವುದು ತಪ್ಪಲ್ಲ. ಕೊಟ್ಟದ್ದು ತಲುಪಿತು ಎಂದು ತೋರಿಸಲಾಗದಿದ್ದರೆ ಮುಂದಿನ ವರ್ಷ ಕೊಡುವವರೇ ಇರುವುದಿಲ್ಲ. ಗೋಪ್ಯತೆ ಮುಖ್ಯ, ಒಪ್ಪುತ್ತೇನೆ. ಹಸಿವು ಅದಕ್ಕಿಂತ ಮುಂಚೆ ಬರುತ್ತದೆ.

ಬೇಲಿಹೂ · ಮಂಗಳವಾರ, ಬೆಳಿಗ್ಗೆ 9.30

ಲೆಕ್ಕದಪುಸ್ತಕ ಅವರೇ, ನಿಮ್ಮ ಉದಾಹರಣೆಯೇ ನನ್ನನ್ನು ಚಿಂತೆಗೆ ಹಚ್ಚುತ್ತದೆ. ಯೆಮೆನ್‌ನ ಆ ಜಗಳದಲ್ಲಿ ಎರಡೂ ಕಡೆಯವರು ಹಿಡಿದೆಳೆದಾಡಿದ್ದು ಒಂದೇ ವಸ್ತುವನ್ನು: ಜನರ ಬೆರಳಚ್ಚು ಯಾರ ಕೈಯಲ್ಲಿ ಇರಬೇಕು ಎಂಬುದನ್ನು. ಆಳುವವರಿಗೂ ಅದು ಬೇಕಿತ್ತು, ಅನ್ನ ಕೊಡುವವರಿಗೂ ಬೇಕಿತ್ತು. ಬೆರಳು ಯಾರದೋ ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

ಇನ್ನು ಕಳ್ಳತನದ ವಿಷಯ. ಕಳ್ಳತನ ಎಲ್ಲಿ ಆಗುತ್ತದೆ ಎಂದು ಮೊದಲು ನೋಡಬೇಕಲ್ಲವೇ? ಗೋದಾಮಿನಿಂದ ಲಾರಿಗಟ್ಟಲೆ ಮಾಯವಾಗುವ ಮೂಟೆಗಳನ್ನು ಸಾಲಿನ ತುದಿಯಲ್ಲಿ ನಿಂತ ಅಜ್ಜಿಯ ಹೆಬ್ಬೆರಳು ಹಿಡಿದುಕೊಡುವುದಿಲ್ಲ. ಟೆಂಡರ್‌ನಲ್ಲಿ ನಡೆಯುವ ಮೋಸಕ್ಕೂ ಕಣ್ಪಾಪೆಯ ಸ್ಕ್ಯಾನ್‌ಗೂ ಏನು ಸಂಬಂಧ? ಮೇಲಿನವರ ಲೆಕ್ಕ ಬಿಗಿ ಮಾಡುವುದು ಕಷ್ಟದ ಕೆಲಸ. ಕೆಳಗಿನವರ ಬೆರಳು ಹಿಡಿಯುವುದು ಸುಲಭ. ಹೀಗಾಗಿ ಸಂದೇಹವೆಲ್ಲ ಅತ್ಯಂತ ಬಡವರ ಮೇಲೆಯೇ ಬೀಳುತ್ತದೆ.

ಬೇರೆ ದಾರಿ ಇಲ್ಲದೇ ಇಲ್ಲ. ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ 2015ರಲ್ಲಿ ಬಯೋಮೆಟ್ರಿಕ್ ಬಳಕೆಯನ್ನು ತಾನಾಗಿಯೇ ನಿಲ್ಲಿಸಿತು. ಆರು ವರ್ಷ ಯೋಚಿಸಿ, 2021ರಲ್ಲಿ ಕಟ್ಟುನಿಟ್ಟಿನ ನೀತಿಯೊಂದನ್ನು ಬರೆದುಕೊಂಡ ಮೇಲಷ್ಟೇ ಬಾಗಿಲು ಸ್ವಲ್ಪ ತೆರೆಯಿತು. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ 2019ರ ನೀತಿ ನನಗೆ ಇನ್ನೂ ಹಿಡಿಸಿತು. ನೆರವು ಹಂಚುವಾಗ ಬೆರಳಚ್ಚು ಬಳಸಲೇಬೇಕಾಗಿ ಬಂದರೆ, ಅದು ನೆರವು ಪಡೆಯುವವರ ಬಳಿ ಇರುವ ಕಾರ್ಡಿನೊಳಗೆ ಮಾತ್ರ ಇರಬೇಕು, ಸಂಸ್ಥೆಯ ಕೇಂದ್ರ ದಾಖಲೆಯಲ್ಲಿ ಇರಕೂಡದು ಎನ್ನುತ್ತದೆ. ಕಾರ್ಡನ್ನು ಎಸೆದರೆ ಅಚ್ಚು ಹೋಯಿತು. ಎಸೆಯುವ ಹಕ್ಕು ಅಜ್ಜಿಯ ಕೈಯಲ್ಲೇ ಇರುತ್ತದೆ.

ಕೀಲಿಕೈ · ಮಂಗಳವಾರ, ಮಧ್ಯಾಹ್ನ 1.15

ನಾನು ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿದ್ದೇನೆ. ಬೇಲಿಹೂ ಅವರು ರೆಡ್ ಕ್ರಾಸ್ ಸಮಿತಿಯನ್ನು ಮೆಚ್ಚಿದ್ದಾರೆ, ನಾನೂ ಮೆಚ್ಚುತ್ತೇನೆ. ಮಾನವೀಯ ನೆರವಿನಲ್ಲಿ ದತ್ತಾಂಶ ರಕ್ಷಣೆಯ ಬಗ್ಗೆ 2017ರಷ್ಟು ಹಿಂದೆಯೇ ಕೈಪಿಡಿ ಹೊರತಂದ ಸಂಸ್ಥೆ ಅದು. ಅಂಥ ಸಂಸ್ಥೆಗೇ ಮುಂದೆ ಏನಾಯಿತು ಎಂಬುದು ಎಲ್ಲರಿಗೂ ತಿಳಿದಿರಬೇಕು.

2021ರ ನವೆಂಬರ್ 9ರಂದು ಹ್ಯಾಕರ್‌ಗಳು ಸಮಿತಿಯ ಸರ್ವರ್‌ಗಳೊಳಗೆ ನುಗ್ಗಿದರು. ಒಂದು ತಂತ್ರಾಂಶದಲ್ಲಿದ್ದ ಲೋಪಕ್ಕೆ ತೇಪೆ ಬಂದಿತ್ತು, ಅದನ್ನು ಹಾಕುವುದು ತಡವಾಗಿತ್ತು. ಅಷ್ಟು ಸಂದಿ ಸಾಕಾಯಿತು. ಒಳಗಿದ್ದಾರೆ ಎಂದು ಗೊತ್ತಾದದ್ದು 2022ರ ಜನವರಿ 18ರಂದು, 70 ದಿನಗಳ ನಂತರ. ಅಷ್ಟರಲ್ಲಿ 5,15,000ಕ್ಕೂ ಹೆಚ್ಚು ಜನರ ಮಾಹಿತಿ ಅವರ ಕೈಗೆ ಎಟುಕಿತ್ತು. ಲೋಕದ ಕನಿಷ್ಠ 60 ರಾಷ್ಟ್ರೀಯ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಸ್ಥೆಗಳು ಕೂಡಿಟ್ಟ ಮಾಹಿತಿ ಅದು. ಯುದ್ಧದಲ್ಲಿ, ವಲಸೆಯಲ್ಲಿ, ವಿಪತ್ತಿನಲ್ಲಿ ಮನೆಯವರಿಂದ ಬೇರ್ಪಟ್ಟವರು, ಕಾಣೆಯಾದವರು, ಸೆರೆಯಲ್ಲಿರುವವರು. ಯಾರೂ ಹಣಕ್ಕೆ ಬೇಡಿಕೆ ಇಡಲಿಲ್ಲ. ಕಳ್ಳ ಹಣ ಕೇಳಿದರೆ ಅವನಿಗೆ ಏನು ಬೇಕೆಂದಾದರೂ ಗೊತ್ತಾಗುತ್ತದೆ.

ಅಷ್ಟು ಎಚ್ಚರಿಕೆಯ ಸಂಸ್ಥೆಗೇ ಹೀಗಾಗಿರುವಾಗ ನಿಮ್ಮ 64 ಜನರ ಗುಂಪಿನ ಬಗ್ಗೆ ಏನು ಹೇಳಲಿ? ಆ ಶೀಟ್ ಈಗ 64 ಫೋನ್‌ಗಳಲ್ಲಿದೆ. ಅವುಗಳಲ್ಲಿ ಎಷ್ಟೋ ಫೋನ್‌ಗಳ ಬ್ಯಾಕಪ್ ಬೇರೆಲ್ಲೋ ಇದೆ. ಕೆಲವು ಫೋನ್‌ಗಳು ಮಕ್ಕಳ ಕೈಯಲ್ಲಿ ಆಟಕ್ಕೆ ಸಿಗುತ್ತವೆ, ಕೆಲವು ಮುಂದಿನ ವರ್ಷ ಮಾರಾಟವಾಗುತ್ತವೆ. ಕಳುಹಿಸಿದವರು "ಎಲ್ಲರಿಗೂ ಅಳಿಸು" ಎಂದು ಒತ್ತಿದರೂ ಆಗಲೇ ಇಳಿಸಿಕೊಂಡ ಪ್ರತಿ ಅಳಿಯುವುದಿಲ್ಲ.

ಹಳೆಯ ಸಾಧನಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಜರ್ಮನಿಯ ಸಂಶೋಧಕರ ತಂಡವೊಂದು ಅಮೆರಿಕದ ಸೇನೆ ಬಳಸುತ್ತಿದ್ದ ಬಯೋಮೆಟ್ರಿಕ್ ಯಂತ್ರಗಳನ್ನು ಇಬೇ ತಾಣದಲ್ಲಿ ಕೊಂಡಿತು. 2022ರ ಡಿಸೆಂಬರ್‌ನಲ್ಲಿ ಈ ಸುದ್ದಿ ಹೊರಬಂತು. 68 ಡಾಲರ್‌ಗೆ ಸಿಕ್ಕ ಒಂದು ಯಂತ್ರದ ಮೆಮೊರಿ ಕಾರ್ಡಿನಲ್ಲಿ 2,632 ಜನರ ಹೆಸರು, ಭಾವಚಿತ್ರ, ಬೆರಳಚ್ಚು, ಕಣ್ಪಾಪೆಯ ಗುರುತು ಹಾಗೆಯೇ ಇದ್ದವು. ಹೆಚ್ಚಿನವರು ಅಫ್ಗಾನಿಸ್ತಾನ ಮತ್ತು ಇರಾಕ್‌ನವರು. ಬೀಗವಿಲ್ಲ, ಸಂಕೇತಲಿಪಿ ಇಲ್ಲ, ಓದಲು ಬಂದರೆ ಸಾಕು. ಅದು ಸೇನೆಯ ಯಂತ್ರ, ಪರಿಹಾರ ಸಂಸ್ಥೆಯದಲ್ಲ ಎಂಬುದು ನಿಜ. ಆದರೆ ನಿಮ್ಮ ಟ್ಯಾಬ್‌ಗಳು ಕೆಟ್ಟಾಗ ಯಾರ ಅಂಗಡಿಗೆ ಹೋಗುತ್ತವೆ ಎಂದು ಒಮ್ಮೆ ವಿಚಾರಿಸಿ.

ಈ ವಾರವೇ ಮಾಡಬಹುದಾದದ್ದು ಇಷ್ಟಿದೆ. ಹೆಸರು ಮತ್ತು ಅಗತ್ಯಗಳನ್ನು ಒಂದೇ ಹಾಳೆಯಲ್ಲಿ ಇಡಬೇಡಿ. ಒಂದು ಹಾಳೆಯಲ್ಲಿ ಹೆಸರು ಮತ್ತು ಸಂಖ್ಯೆ, ಇನ್ನೊಂದರಲ್ಲಿ ಸಂಖ್ಯೆ ಮತ್ತು ಯಾರಿಗೆ ಏನು ಕೊಡಬೇಕು ಎಂಬುದು. ಹಂಚುವವರಿಗೆ ಎರಡನೆಯದು ಸಾಕು. ಮೊದಲನೆಯದು ಇಬ್ಬರ ಬಳಿ ಮಾತ್ರ ಇರಲಿ. ಕೋಬೋ ಟೂಲ್‌ಬಾಕ್ಸ್, ಓಡಿಕೆ ಥರದ ತಂತ್ರಾಂಶಗಳಲ್ಲಿ ತುಂಬಿದ ಫಾರಂ ಅನ್ನು ಫೋನ್‌ನಲ್ಲೇ ಸಂಕೇತಲಿಪಿಗೆ ತಿರುಗಿಸುವ ಸೌಲಭ್ಯ ಇದೆ, ಅದನ್ನು ಆನ್ ಮಾಡಿ. ಟ್ಯಾಬ್‌ಗಳಿಗೆ ಪಾಸ್‌ವರ್ಡ್ ಹಾಕಿ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಹಾಕಬೇಡಿ. ಹಾಳೆಯ ಮೇಲೆ ಅಳಿಸುವ ದಿನಾಂಕವನ್ನು ಮೊದಲೇ ಬರೆಯಿರಿ. "ಆಮೇಲೆ ನೋಡೋಣ" ಎಂದು ಇಟ್ಟದ್ದು ಎಂದಿಗೂ ಅಳಿಯುವುದಿಲ್ಲ.

ಲೆಕ್ಕದಪುಸ್ತಕ · ಮಂಗಳವಾರ, ಮಧ್ಯಾಹ್ನ 2.05

ಹೆಸರು ತೆಗೆದುಹಾಕಿದ ಹಾಳೆಯನ್ನು ದಾನಿ ಸಂಸ್ಥೆಗೆ ಕಳುಹಿಸಿದರೆ ಸಾಕಾಗುತ್ತದೆಯೇ? ಹಾಗಾದರೆ ನನ್ನ ಅರ್ಧ ತಕರಾರು ಮುಗಿದಂತೆ.

ಕೀಲಿಕೈ · ಮಂಗಳವಾರ, ಮಧ್ಯಾಹ್ನ 2.40

ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಅಮೆರಿಕದ 1990ರ ಜನಗಣತಿಯ ಅಂಕಿಗಳನ್ನು ಬಳಸಿ ಲತಾನ್ಯಾ ಸ್ವೀನಿ ಎಂಬ ವಿಜ್ಞಾನಿ ತೋರಿಸಿದ್ದು ಇದನ್ನೇ: ಅಂಚೆ ಸಂಖ್ಯೆ, ಜನ್ಮದಿನಾಂಕ, ಲಿಂಗ, ಈ ಮೂರೇ ಸಂಗತಿ ಸೇರಿದರೆ ಅಲ್ಲಿನ 87 ಶೇಕಡ ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು. ಅದು ದೊಡ್ಡ ದೇಶದ ಕಥೆ. ನಿಮ್ಮದು 300 ಗುಡಾರಗಳ ಶಿಬಿರ. "ಸಾಲು 4, ಹೆಣ್ಣು, 71 ವರ್ಷ, ಒಂಟಿ, ಕಣ್ಣು ಕಾಣದು" ಎಂದು ಬರೆದರೆ ಶಿಬಿರದ ಮಕ್ಕಳೂ ಅವರ ಗುಡಾರವನ್ನು ಬೆರಳು ಮಾಡಿ ತೋರಿಸುತ್ತಾರೆ.

ಆದ್ದರಿಂದ ದಾನಿಗಳಿಗೆ ಹೋಗುವ ಹಾಳೆಯಲ್ಲಿ ವ್ಯಕ್ತಿಗಳ ಸಾಲುಗಳೇ ಬೇಡ, ಮೊತ್ತಗಳು ಸಾಕು. 60 ದಾಟಿದವರು ಇಷ್ಟು ಜನ, ಗರ್ಭಿಣಿಯರು ಇಷ್ಟು, ಕೊಟ್ಟದ್ದು ಇಷ್ಟು. ಹಾಳೆಯ ಒಂದು ಚೌಕದಲ್ಲಿ ಲೆಕ್ಕ ಒಂದೋ ಎರಡೋ ಎಂದು ಬಂದರೆ ಅದನ್ನು ಪಕ್ಕದ ಗುಂಪಿನೊಂದಿಗೆ ಸೇರಿಸಿಬಿಡಿ. ಪರಿಶೋಧಕರಿಗೆ ಸಂದೇಹ ಬಂದರೆ ಅವರೇ ನಿಮ್ಮ ಕಚೇರಿಗೆ ಬಂದು, ತಾವು ಆರಿಸಿದ ಹತ್ತು ಸಂಖ್ಯೆಗಳ ಮೂಲ ಕಾಗದವನ್ನು ಅಲ್ಲೇ ಕುಳಿತು ನೋಡಲಿ. ಪ್ರತಿ ತೆಗೆದುಕೊಂಡು ಹೋಗುವುದು ಬೇಡ.

ಹಳೆಯಪುಟ · ಮಂಗಳವಾರ, ಸಂಜೆ 6.20

ಧರ್ಮ ಮತ್ತು ಜನಾಂಗದ ಕಾಲಂ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಇತಿಹಾಸ ಓದುವವನು, ಆದ್ದರಿಂದ ಹಳೆಯದೊಂದನ್ನು ನೆನಪಿಸುತ್ತೇನೆ.

ಆಮ್‌ಸ್ಟರ್‌ಡ್ಯಾಮ್‌ನ ಜನನೋಂದಣಿ ಕಚೇರಿಯಲ್ಲಿ ಪ್ರತಿಯೊಬ್ಬರ ಚೀಟಿ ಇತ್ತು, ಚೀಟಿಯಲ್ಲಿ ಧರ್ಮವೂ ಇತ್ತು. ಬರೆದುಕೊಂಡವರು ಒಳ್ಳೆಯ ಆಡಳಿತಕ್ಕಾಗಿ ಬರೆದುಕೊಂಡಿದ್ದರು. ನಾಜಿಗಳು ಬಂದಾಗ ಯೆಹೂದಿಯರು ಎಲ್ಲಿದ್ದಾರೆ ಎಂದು ಹುಡುಕುವ ಕಷ್ಟವೇ ಅವರಿಗೆ ಬರಲಿಲ್ಲ. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಒಂದು ಗುಂಪು ಪೊಲೀಸರ ವೇಷದಲ್ಲಿ ಆ ಕಚೇರಿಗೆ ನುಗ್ಗಿತು. ಕಲಾವಿದ ವಿಲ್ಲೆಮ್ ಅರೊಂಡೇಯಸ್ ಮುಂದಾಳುಗಳಲ್ಲಿ ಒಬ್ಬರು. ಕಾವಲುಗಾರರಿಗೆ ನಿದ್ದೆಯ ಚುಚ್ಚುಮದ್ದು ಕೊಟ್ಟು ಹೊರಗೆ ಮಲಗಿಸಿದರು, ಡ್ರಾಯರ್‌ಗಳನ್ನು ಎಳೆದು ಚೀಟಿಗಳನ್ನು ನೆಲಕ್ಕೆ ಸುರಿದು ಬೆಂಕಿ ಇಟ್ಟರು. ಅಗ್ನಿಶಾಮಕ ದಳದವರಿಗೆ ವಿಷಯ ಅರ್ಥವಾಯಿತು. ಬೇಕೆಂದೇ ತಡವಾಗಿ ಕೆಲಸ ಶುರು ಮಾಡಿ, ಉಳಿದ ಚೀಟಿಗಳೂ ಹಾಳಾಗಲಿ ಎಂದು ಬೇಕಾದದ್ದಕ್ಕಿಂತ ಹೆಚ್ಚು ನೀರು ಸುರಿದರು. ಇಷ್ಟಾದರೂ ನಾಶವಾದದ್ದು ಸುಮಾರು 15 ಶೇಕಡ ಮಾತ್ರ. ಈ ದಾಳಿಗಾಗಿ ನಾಜಿಗಳು ಆ ಜುಲೈ 1ರಂದು 12 ಜನರನ್ನು ಗುಂಡಿಟ್ಟು ಕೊಂದರು.

ರುವಾಂಡಾದಲ್ಲಿ ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ ಎಂದು ಜನಾಂಗ ಬರೆಸಿತು. 1994ರಲ್ಲಿ ಟುಟ್ಸಿಗಳ ನರಮೇಧ ನಡೆದಾಗ ರಸ್ತೆ ತಡೆಗಳಲ್ಲಿ ನಿಂತ ಕೊಲೆಗಡುಕರು ಮೊದಲು ಕೇಳುತ್ತಿದ್ದದ್ದು ಆ ಚೀಟಿಯನ್ನೇ.

ಹೊದಿಕೆ ಕೊಡಲು ಧರ್ಮ ಏಕೆ ಬೇಕು? ಸಭೆಯಲ್ಲಿ ಇದನ್ನು ಕೇಳಿ, ಉತ್ತರ ಏನು ಬರುತ್ತದೆ ನೋಡಿ.

ಮರಳಿಮನೆ · ಮಂಗಳವಾರ, ರಾತ್ರಿ 9.50

ಇಲ್ಲಿ ಬರೆದವರೆಲ್ಲರ ಆತಂಕ ನನ್ನದೂ ಹೌದು. ಆದರೂ ಸ್ವಲ್ಪ ಬೇರೆ ಕಡೆಯಿಂದ ಮಾತಾಡಬೇಕು. ನಾನು ಚದುರಿಹೋದ ಕುಟುಂಬಗಳನ್ನು ಹುಡುಕುವ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದೆ. ನಮ್ಮ ಕೆಲಸದಲ್ಲಿ ಮಾಹಿತಿ ಕಡಿಮೆಯಾದರೆ ಮಗು ತಾಯಿಯನ್ನು ಸೇರುವುದಿಲ್ಲ.

ಈ ಕೆಲಸಕ್ಕೆ ಕಾಗದದ ಚೀಟಿಗಳ ದೊಡ್ಡ ಪರಂಪರೆ ಇದೆ. 1914ರ ಆಗಸ್ಟ್‌ನಲ್ಲಿ ರೆಡ್ ಕ್ರಾಸ್ ಸಮಿತಿ ಜಿನೀವಾದಲ್ಲಿ ಯುದ್ಧಕೈದಿಗಳ ಮಾಹಿತಿ ಕೇಂದ್ರ ತೆರೆಯಿತು. ಒಂದು ವಸ್ತುಸಂಗ್ರಹಾಲಯದ ಕೋಣೆಗಳಲ್ಲಿ ಸ್ವಯಂಸೇವಕರು ಕುಳಿತು, ಸೇನೆಗಳು ಕಳುಹಿಸಿದ ಪಟ್ಟಿಯನ್ನೂ ಮನೆಯವರು ಬರೆದ ಪತ್ರಗಳನ್ನೂ ತಾಳೆ ಹಾಕುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ 70 ಲಕ್ಷ ಚೀಟಿಗಳಾಗಿದ್ದವು. ಒಂದು ಹೆಸರಿನ ಎರಡು ಚೀಟಿಗಳು ಒಂದೆಡೆ ಬಂದ ಕ್ಷಣ ಒಂದು ಮನೆಗೆ "ನಿಮ್ಮ ಮಗ ಬದುಕಿದ್ದಾನೆ" ಎಂಬ ಪತ್ರ ಹೊರಡುತ್ತಿತ್ತು.

ನನ್ನ ಕೈಯಲ್ಲೇ ಆದದ್ದೊಂದು. ಬೇರೆ ಬೇರೆ ಶಿಬಿರಗಳಲ್ಲಿದ್ದ ಇಬ್ಬರು ಹುಡುಗರು. ದೊಡ್ಡವನಿಗೆ ಊರಿನ ಹೆಸರು ಗೊತ್ತಿತ್ತು, ಚಿಕ್ಕವನಿಗೆ ಗೊತ್ತಿರಲಿಲ್ಲ. ಹೆಸರುಗಳನ್ನೂ ಇಬ್ಬರು ಗುಮಾಸ್ತರು ಎರಡು ಥರ ಬರೆದಿದ್ದರು. ಚಿಕ್ಕವನ ಫಾರಂನ ಕೆಳಗೆ ಯಾರೋ ಪುಣ್ಯಾತ್ಮರು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದರು: "ಅಮ್ಮನನ್ನು ಎಲ್ಲರೂ ಕುಂಟು ಬಾತುಕೋಳಿ ಎಂದು ಕರೆಯುತ್ತಾರಂತೆ." ದೊಡ್ಡವನನ್ನು ಕೇಳಿದೆ. ಅವನು ಮಾತಾಡಲಿಲ್ಲ, ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಎದೆಗೆ ಒತ್ತಿಕೊಂಡ.

ಹಾಗೆಂದು ನಾವು ಸಿಕ್ಕಿದ್ದನ್ನೆಲ್ಲ ಹಂಚುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರನ್ನು ಹುಡುಕಿಕೊಂಡು ಬಂದರೆ, ಸಿಕ್ಕವರ ವಿಳಾಸವನ್ನು ಹುಡುಕಿದವರಿಗೆ ನೇರವಾಗಿ ಕೊಡುವಂತಿಲ್ಲ. ಸಿಕ್ಕವರನ್ನು ಮೊದಲು ಕೇಳಬೇಕು: ಇಂಥವರು ನಿಮ್ಮನ್ನು ಹುಡುಕುತ್ತಿದ್ದಾರೆ, ತಿಳಿಸಲೇ? ಒಬ್ಬ ಹೆಂಗಸು ಆ ಪ್ರಶ್ನೆ ಕೇಳಿ ಬಿಳಿಚಿಕೊಂಡರು. ಹುಡುಕುತ್ತಿದ್ದದ್ದು ಅವರ ಗಂಡ. ಅವರು ಓಡಿ ಬಂದದ್ದೇ ಅವನಿಂದ ತಪ್ಪಿಸಿಕೊಳ್ಳಲು. ಫಾರಂನಲ್ಲಿ "ಬೇಡ" ಎಂದು ಬರೆದೆ, ಅಲ್ಲಿಗೆ ಆ ಕಡತ ಮುಚ್ಚಿತು.

ಕಾಲುದಾರಿಯವರೇ, ನಾನು ಕಾಲಂಗಳನ್ನು ಎಣಿಸುವುದಿಲ್ಲ. ಈ ಪ್ರಶ್ನೆಯ ಉತ್ತರದಿಂದ ಉತ್ತರ ಕೊಟ್ಟವರಿಗೆ ಏನಾದರೂ ಸಿಗುತ್ತದೆಯೇ ಎಂದು ನೋಡುತ್ತೇನೆ. ಒಂಟಿ ಮಗುವಿನ ಬಳಿ ಅಮ್ಮನ ಅಡ್ಡಹೆಸರನ್ನೂ ಕೇಳಿ. ಹೊದಿಕೆಗೆ ಬಂದವರ ಬಳಿ ಗಂಡ ಎಲ್ಲಿ ಎಂದು ಕೇಳಬೇಡಿ.

ಸಾಲಿನಲ್ಲಿದ್ದವನು · ಬುಧವಾರ, ಬೆಳಿಗ್ಗೆ 5.55

ಎರಡು ದಿನಗಳಿಂದ ಓದುತ್ತಿದ್ದೇನೆ. ನೀವೆಲ್ಲರೂ ಮೇಜಿನ ಆ ಬದಿಯಲ್ಲಿ ಕುಳಿತವರು. ನಾನು ಈ ಬದಿಯಲ್ಲಿ ನಿಂತವನು. ಆಗ ನನಗೆ ಒಂಬತ್ತು ವರ್ಷ.

ಮೇಜು ಬಯಲಿನಲ್ಲಿತ್ತು, ಹಿಂದೆ ಉದ್ದನೆಯ ಸಾಲು. ಬರೆದುಕೊಳ್ಳುವವರು ಅವಸರದಲ್ಲಿದ್ದರು, ದನಿ ಎತ್ತರಿಸಿ ಕೇಳಿದರು: "ಗಂಡ ಸತ್ತಿದ್ದಾನೋ, ಬಿಟ್ಟು ಹೋಗಿದ್ದಾನೋ?" ನನ್ನ ಅಮ್ಮ ತಲೆ ತಗ್ಗಿಸಿದರು. ಅವರು ಮತ್ತೆ ಕೇಳಿದರು. ಅಪ್ಪ ಎಲ್ಲಿದ್ದಾರೆಂದು ನಮಗೇ ತಿಳಿದಿರಲಿಲ್ಲ. ಸತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ಅಮ್ಮನಿಗೆ. ಕೊನೆಗೆ "ಸತ್ತಿದ್ದಾರೆ ಎಂದು ಬರೆದುಕೊಳ್ಳಿ" ಎಂದರು. ಸಾಲಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು. ಮರುದಿನ ಹೆಸರುಗಳ ಪಟ್ಟಿಯನ್ನು ಕಂಬಕ್ಕೆ ಅಂಟಿಸಿದ್ದರು, ಅಮ್ಮನ ಹೆಸರಿನ ಮುಂದೆ "ವಿಧವೆ, ಒಂಟಿ" ಎಂದಿತ್ತು. ಆ ರಾತ್ರಿಯಿಂದ ನಮ್ಮ ಗುಡಾರದ ಸುತ್ತ ಗಂಡಸರ ಹೆಜ್ಜೆ ಸದ್ದು ಕೇಳತೊಡಗಿತು. ಅಮ್ಮ ಮಲಗುತ್ತಿರಲಿಲ್ಲ, ಕೈಯಲ್ಲಿ ಗುಡಾರದ ಗೂಟವನ್ನು ಹಿಡಿದು ಕುಳಿತಿರುತ್ತಿದ್ದರು.

ಹ್ಯಾಕರ್ ಬರಲಿಲ್ಲ, ಸರ್ವರ್ ಇರಲಿಲ್ಲ. ಒಂದು ಕಾಗದ, ನಾಲ್ಕು ಮೊಳೆ.

ಒಪ್ಪಿಗೆಯ ಬಗ್ಗೆಯೂ ಹೇಳಬೇಕು. ಬಾಂಗ್ಲಾದೇಶದಲ್ಲಿರುವ ರೋಹಿಂಗ್ಯಾ ನಿರಾಶ್ರಿತರ ಮಾಹಿತಿಯ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2021ರ ಜೂನ್‌ನಲ್ಲಿ ಬರೆದದ್ದನ್ನು ಹುಡುಕಿ ಓದಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರನ್ನು ನೋಂದಾಯಿಸಿ ಸ್ಮಾರ್ಟ್ ಕಾರ್ಡ್ ಕೊಟ್ಟಿತು. ಆ ಮಾಹಿತಿ ಬಾಂಗ್ಲಾದೇಶ ಸರ್ಕಾರದ ಮೂಲಕ ಮ್ಯಾನ್ಮಾರ್‌ಗೆ ಹೋಯಿತು, ಕನಿಷ್ಠ 8,30,000 ಜನರ ಹೆಸರುಗಳು. ಯಾರಿಂದ ತಪ್ಪಿಸಿಕೊಂಡು ಓಡಿ ಬಂದಿದ್ದರೋ ಅವರ ಕೈಗೇ. ಕೊಟ್ಟ ರಸೀದಿ ಇಂಗ್ಲಿಷ್‌ನಲ್ಲಿತ್ತು, ಮ್ಯಾನ್ಮಾರ್ ಜೊತೆ ಹಂಚಿಕೊಳ್ಳಲು ಒಪ್ಪಿದ್ದೇನೆ ಎಂಬ ಚೌಕದಲ್ಲಿ ಗುರುತು ಬಿದ್ದಿತ್ತು. ಇಂಗ್ಲಿಷ್ ಬಲ್ಲವರು ಓದಿ ಹೇಳಿದ ಮೇಲೆ ಗೊತ್ತಾಯಿತು ಎಂದು ಕೆಲವರು ಹೇಳಿದರು. ಸರಿಯಾಗಿ ಕೇಳಿಯೇ ಒಪ್ಪಿಗೆ ಪಡೆದಿದ್ದೇವೆ ಎಂಬುದು ನಿರಾಶ್ರಿತರ ಸಂಸ್ಥೆಯ ಉತ್ತರ. ಅವರು ಕೇಳಿರಲೂಬಹುದು. ಒಂದು ಮಾತು ಮಾತ್ರ ನನಗೆ ಗೊತ್ತು: ಆ ಸಾಲಿನಲ್ಲಿ ನಿಂತವನಿಗೆ ಎದುರು ಕುಳಿತವರು ಏನು ಕೇಳಿದರೂ ಬಾಯಲ್ಲಿ ಬರುವುದು ಹೂಂ ಒಂದೇ. ಇಲ್ಲ ಎಂದವರಿಗೂ ಊಟ ಸಿಗುತ್ತದೆ ಎಂದು ಕಣ್ಣಾರೆ ನೋಡಿದ ಮೇಲಷ್ಟೇ ಹೂಂ ಎಂಬುದಕ್ಕೆ ಬೆಲೆ.

ಬೇಲಿಹೂ · ಬುಧವಾರ, ಬೆಳಿಗ್ಗೆ 8.15

ಸಾಲಿನಲ್ಲಿದ್ದವನು ಅವರೇ, ಇದನ್ನು ಬರೆದದ್ದಕ್ಕೆ ಕೈಮುಗಿಯುತ್ತೇನೆ.

ಅವರ ಮಾತಿಗೆ ನಿಯಮಗಳಲ್ಲೂ ಆಧಾರವಿದೆ. ತುರ್ತು ಪರಿಸ್ಥಿತಿಯಲ್ಲಿ ಸಿಗುವ ಒಪ್ಪಿಗೆಯನ್ನು ನೆಚ್ಚಿಕೊಳ್ಳುವುದು ಕಷ್ಟ ಎಂದು ರೆಡ್ ಕ್ರಾಸ್ ಸಮಿತಿಯ ಕೈಪಿಡಿಯೇ ಹೇಳುತ್ತದೆ. ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಸಹಿಗೆ ಅರ್ಥವಿಲ್ಲ. ಅಲ್ಲಿ ಸಂಸ್ಥೆ ಬೇರೆ ಆಧಾರವನ್ನು ತೋರಿಸಬೇಕು, ಜೀವ ಉಳಿಸಲು ಇದು ಬೇಕೇಬೇಕು ಎನ್ನುವಂಥದ್ದನ್ನು. ಇದರಿಂದ ಹೊಣೆ ಸಹಿ ಹಾಕಿದ ಅಜ್ಜಿಯಿಂದ ಸಂಸ್ಥೆಯ ಹೆಗಲಿಗೆ ಬರುತ್ತದೆ. ವಿಶ್ವಸಂಸ್ಥೆಯ ಸಂಸ್ಥೆಗಳು 2018ರಲ್ಲಿ ಒಪ್ಪಿಕೊಂಡ ವೈಯಕ್ತಿಕ ಮಾಹಿತಿ ರಕ್ಷಣೆಯ ತತ್ವಗಳಲ್ಲಿ ಉದ್ದೇಶ ಸ್ಪಷ್ಟವಿರಬೇಕು, ಬೇಕಾದಷ್ಟೇ ಪಡೆಯಬೇಕು, ಬೇಕಾದಷ್ಟು ಕಾಲವೇ ಇಡಬೇಕು ಎಂದಿದೆ. ಆದರೆ ಆ ಸಂಸ್ಥೆಗಳಿಗೆ ಕಾನೂನಿನಿಂದ ವಿನಾಯಿತಿ ಇರುವುದರಿಂದ ತತ್ವ ಮುರಿದರೆ ನಿರಾಶ್ರಿತನೊಬ್ಬ ಯಾವ ದೇಶದ ನ್ಯಾಯಾಲಯಕ್ಕೂ ಹೋಗುವುದು ಕಷ್ಟ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ನಿಮ್ಮದು ಸಣ್ಣ ಸಂಸ್ಥೆ, ಆ ವಿನಾಯಿತಿ ನಿಮಗಿಲ್ಲ. ನಾಳೆ ಸಮವಸ್ತ್ರದವರೊಬ್ಬರು ಕಚೇರಿಗೆ ಬಂದು ಪಟ್ಟಿ ಕೊಡಿ ಎಂದರೆ ಯಾರು ಮಾತಾಡಬೇಕು, ಏನು ಹೇಳಬೇಕು ಎಂದು ಇವತ್ತೇ ಬರೆದಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತ ಇಪ್ಪತ್ತು ವರ್ಷದ ಸ್ವಯಂಸೇವಕನ ತಲೆಗೆ ಅದನ್ನು ಕಟ್ಟಬೇಡಿ. ನಿಮ್ಮಲ್ಲಿ ಇರದ ಕಾಲಂ ಅನ್ನು ಯಾರೂ ಕಿತ್ತುಕೊಳ್ಳಲಾರರು.

ಲೆಕ್ಕದಪುಸ್ತಕ · ಬುಧವಾರ, ಬೆಳಿಗ್ಗೆ 8.50

ಹಸಿವು ಗೋಪ್ಯತೆಗಿಂತ ಮುಂಚೆ ಬರುತ್ತದೆ ಎಂದು ನಿನ್ನೆ ಬರೆದಿದ್ದೆ. ಗೂಟ ಹಿಡಿದು ಕುಳಿತ ಆ ತಾಯಿಯ ವಿಷಯ ಓದಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಯೋಜನೆಗಳಲ್ಲೂ ಪಟ್ಟಿ ಅಂಟಿಸುತ್ತೇವೆ. ಪಾರದರ್ಶಕತೆಗೆ ಅದು ಬೇಕು ಎಂದು ನಿಯಮ ಮಾಡಿದವರಲ್ಲಿ ನಾನೂ ಒಬ್ಬ. ಇನ್ನು ಮುಂದೆ ಸಂಖ್ಯೆಯನ್ನು ಮಾತ್ರ ಅಂಟಿಸುತ್ತೇವೆ, ದೂರು ಇದ್ದವರು ತಮ್ಮ ಚೀಟಿ ತಂದು ತೋರಿಸಲಿ.

ಇಮ್ಮಡಿ ಹೆಸರುಗಳ ಬಗ್ಗೆ ನನ್ನ ಚಿಂತೆ ಇನ್ನೂ ಹೋಗಿಲ್ಲ. 300 ಗುಡಾರಗಳಿಗೆ ಸಂಖ್ಯೆಯ ಚೀಟಿ ಮತ್ತು ಸಾಲಿಗೊಬ್ಬ ಹಿರಿಯರ ಸಾಕ್ಷಿ ಸಾಕು, 30,000 ಆದಾಗ ಸಾಲದು. ಅಲ್ಲಿ ಬೇಲಿಹೂ ಅವರು ಹೇಳಿದ ಕಾರ್ಡಿನ ದಾರಿಯನ್ನು ನೋಡಬೇಕಾಗುತ್ತದೆ.

ಕಾಲುದಾರಿ · ಗುರುವಾರ, ರಾತ್ರಿ 8.30

ಸಭೆ ಮುಗಿಸಿ ಈಗ ಬಂದೆ. ಮೂರೂವರೆ ಗಂಟೆ ಹಿಡಿಯಿತು.

32ರಲ್ಲಿ 11 ಉಳಿದವು. ಧರ್ಮ, ಜನಾಂಗ ಹೋದವು. ಹೊದಿಕೆಗೆ ಧರ್ಮ ಏಕೆ ಎಂದು ಕೇಳಿದಾಗ ಯಾರಿಂದಲೂ ಉತ್ತರ ಬರಲಿಲ್ಲ, "ಹಿಂದಿನ ಫಾರಂನಲ್ಲಿ ಇತ್ತು" ಎಂದಷ್ಟೇ ಹೇಳಿದರು. ಜಿಪಿಎಸ್ ಬದಲು ಸಾಲಿನ ಸಂಖ್ಯೆ. ಕಾಯಿಲೆಯ ವಿವರ ವೈದ್ಯರ ಕಾಗದದಲ್ಲಿ ಮಾತ್ರ ಇರುತ್ತದೆ, ನಮ್ಮ ಹಾಳೆಯಲ್ಲಿ "ವಿಶೇಷ ಅಗತ್ಯ ಇದೆ" ಎಂಬ ಒಂದು ಗುರುತು. ಒಂಟಿಯಾಗಿ ಬಂದ ಮಕ್ಕಳಿಗೆ ಮರಳಿಮನೆ ಅವರು ಹೇಳಿದಂತೆ ಬೇರೆಯೇ ಫಾರಂ, ಅದು ಬೇರೆ ಪೆಟ್ಟಿಗೆಯಲ್ಲಿ ಇರುತ್ತದೆ. ಬೆರಳಚ್ಚಿನ ಕಾಲಂ ಬಿಡಲು ದಾನಿ ಸಂಸ್ಥೆ ಇನ್ನೂ ಒಪ್ಪಿಲ್ಲ. ಇದು ತೀರ್ಮಾನವಾಗುವವರೆಗೆ ಅಚ್ಚು ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಕಳುಹಿಸಿದ್ದೇವೆ. ಹಣ ನಿಲ್ಲಬಹುದು ಎಂಬ ಭಯ ಇದೆ, ಸುಳ್ಳು ಹೇಳುವುದಿಲ್ಲ. ಫೋನ್ ಸಂಖ್ಯೆಯ ಬಗ್ಗೆ ಒಮ್ಮತ ಆಗಲಿಲ್ಲ, ನಗದು ಕಳುಹಿಸಲು ಅದು ಬೇಕೇಬೇಕು ಎನ್ನುತ್ತಾರೆ. ಫೋನ್ ಇಲ್ಲದವರಿಗೆ, ಕೊಡಲು ಇಷ್ಟವಿಲ್ಲದವರಿಗೆ ಕೈಯಲ್ಲೇ ಕೊಡುವ ದಾರಿ ಉಳಿಸಿಕೊಂಡೆವು.

ವಾಟ್ಸ್‌ಆ್ಯಪ್ ಶೀಟಿನ ವಿಷಯವನ್ನೂ ಎತ್ತಿದೆ. ಹಾಕಿದ ಸಹೋದ್ಯೋಗಿ ತಾವೇ ಎದ್ದು ನಿಂತು, 64 ಜನರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿ ಅಳಿಸಲು ಹೇಳುತ್ತೇನೆ ಎಂದರು. ಇವತ್ತಿಗೆ 41 ಜನ ಅಳಿಸಿದ್ದೇವೆ ಎಂದಿದ್ದಾರೆ. ಆ ದಿನ ಹೆಸರು ಬರೆಸಿದವರಿಗೂ ಇದನ್ನು ತಿಳಿಸಬೇಕು ಎಂದು ತೀರ್ಮಾನವಾಯಿತು. ಅಜ್ಜಿಯ ಗುಡಾರಕ್ಕೆ ನಾನೇ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನನ್ನ ಬೆರಳಿನದು ಅದರಲ್ಲಿ ಇರಲಿಲ್ಲ ತಾನೆ?" ಎಂದರು. ಇರಲಿಲ್ಲ ಎಂದೆ. ಅವರಿಗೆ 147ನೆಯ ಸಂಖ್ಯೆಯ ಚೀಟಿ ಕೊಟ್ಟಿದ್ದೇವೆ.

ಶನಿವಾರ ಎರಡನೆಯ ಹಂಚಿಕೆ. ಪ್ರಶ್ನೆ ಕೇಳುವುದನ್ನು ಬಯಲಿನಿಂದ ಒಂದು ಗುಡಾರದ ಒಳಗೆ ಹಾಕಿದ್ದೇವೆ, ಒಬ್ಬೊಬ್ಬರನ್ನೇ ಕರೆಯುತ್ತೇವೆ.

ಸಾಲಿನಲ್ಲಿದ್ದವನು · ಗುರುವಾರ, ರಾತ್ರಿ 9.05

ಗುಡಾರದ ಬಾಗಿಲು ಸಾಲಿನ ಕಡೆಗೆ ತೆರೆಯದಂತೆ ನೋಡಿಕೊಳ್ಳಿ. ಬಟ್ಟೆಯ ಗೋಡೆ, ಮಾತು ಹೊರಗೆ ಕೇಳಿಸುತ್ತದೆ. ಸಾಲನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ.

ಕಾಲುದಾರಿ · ಗುರುವಾರ, ರಾತ್ರಿ 9.12

ಹದಿನೈದು ಹೆಜ್ಜೆ ಹಿಂದೆ ಹಗ್ಗ ಕಟ್ಟಿಸುತ್ತೇನೆ.